ನಿಲ್ಲಿಸಿ ತೆಗೆದ ಎಕ್ಸ್‌ರೇ

ಭಾಲ್ಕಿಯ ಬಸ್‌ಸ್ಟ್ಯಾಂಡಿನ ಎದುರು ಸಂಜೆ ಹೊತ್ತು ಒಂದು ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಹೋದ ವಾರ ನನ್ನ ದವಾಖಾನೆ ಮುಚ್ಚಿ ಮನೆಗೆ ಹೊರಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ತಿನ್ನುವುದಲ್ಲ, ಔರಾದಿನ ಒಂದು ಕತ್ತಲೆ ಕೋಣೆ. ಕೆಂಪು ಬಲ್ಬು, ನೀರಿನ ತೊಟ್ಟಿಗಳು, ತಂತಿಗೆ ನೇತುಹಾಕಿದ ಹಸಿ ಫಿಲ್ಮುಗಳು. ಆಗ ಎಕ್ಸ್‌ರೇ ಫಿಲ್ಮುಗಳನ್ನು ಫಿಕ್ಸರ್ ಎಂಬ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. ಅದರ ವಾಸನೆ ಹೆಚ್ಚುಕಡಿಮೆ ಇದೇ. ಈಗ ಎಲ್ಲ ಕಡೆ ಕಂಪ್ಯೂಟರು ಬಂದಿದೆ, ಆ ವಾಸನೆಗೆ ಆಸ್ಪತ್ರೆಗಳಲ್ಲಿ ಜಾಗವಿಲ್ಲ. ಕೊಡೆ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಗಾಡಿಯವನು ಪ್ಲೇಟು ಕೊಡಲೇನೆಂದು ಕೇಳಿದ. ಬೇಡ ಎನ್ನಲು ಸಂಕೋಚವಾಗಿ ಒಂದು ಕಟ್ಟಿಸಿಕೊಂಡು ಬಂದೆ.

ಹನ್ನೆರಡು ವರ್ಷದ ಹಿಂದಿನ ಮಾತು. ಎಂಬಿಬಿಎಸ್ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಔರಾದ ಊರಾಚೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ. ಇಪ್ಪತ್ತು ಮಂಚದ ಆಸ್ಪತ್ರೆ, ಈಗ ಅದು ಇಲ್ಲ. ಹಿಂದುಗಡೆಯ ಒಂದು ಕೋಣೆಯಲ್ಲಿ ನನ್ನ ವಾಸ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಸಂತಪುರದ ಮೇಲೆ ಬೀದರಿಗೆ, ಅಲ್ಲಿಂದ ಭಾಲ್ಕಿಗೆ, ಅಮ್ಮನ ಮನೆಗೆ. ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು.

ಎಕ್ಸ್‌ರೇ ಕೋಣೆ ಖಲೀಲ್ ಚಾಚಾ ಅವರದು. ಬೀದರಿನ ಹಳೇ ಊರಿನವರು, ಅರವತ್ತು ದಾಟಿದವರು. ಬೇರೆಲ್ಲೋ ನೌಕರಿ ಮುಗಿಸಿ, ಮನೆಯಲ್ಲಿ ಕುಳಿತು ಬೇಸರವಾಗಿ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ. ಸಿಟ್ಟು ಬಂದಾಗ ಎರಡೂ ಬಿಟ್ಟು ಮೌನ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕದೆ ಅವರು ಒಂದು ಫಿಲ್ಮನ್ನೂ ತೆಗೆದವರಲ್ಲ.

ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹೊತ್ತಿಗೆ ಸರಿಯಾಗಿ ಬಂತು. ಔರಾದಿನ ಸುತ್ತಲ ಹೊಲಗಳಲ್ಲಿ ಹೆಸರು, ಉದ್ದು, ಸೋಯಾ, ತೊಗರಿ ಬಿತ್ತನೆ ಒಮ್ಮೆಲೇ ಶುರುವಾಯಿತು. ಅದರ ಜೊತೆಗೆ ಆಸ್ಪತ್ರೆಗೆ ಪಾದಗಳು ಬರತೊಡಗಿದವು. ಬದುವಿನ ಮೇಲೆ ಜಾರಿದವರು, ಎತ್ತಿನ ಗೊರಸಿಗೆ ಸಿಕ್ಕವರು, ಗೊಬ್ಬರದ ಚೀಲ ಕಾಲ ಮೇಲೆ ಕೆಡವಿಕೊಂಡವರು. ಆ ನಾಲ್ಕು ತಿಂಗಳಲ್ಲಿ ನೋಡಿದಷ್ಟು ಪಾದಗಳನ್ನು ನಾನು ಮತ್ತೆಂದೂ ನೋಡಿಲ್ಲ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ, ಫೋಟೋ ತೆಗೀರಿ ಅಂತ. ಫೋಟೋ ತೆಗೆಯದ ಡಾಕ್ಟರು ಡಾಕ್ಟರೇ ಅಲ್ಲ ಎಂಬ ನಂಬಿಕೆ ಅವರಿಗೆ. ಅವರು ಕೇಳಿದಂತೆ ಚೀಟಿ ಬರೆದುಬಿಟ್ಟರೆ ಗದ್ದಲವಿಲ್ಲ ಎಂಬ ಲೆಕ್ಕ ನನಗೆ.

ಮಳೆಗಾಲದಲ್ಲಿ ಫಿಲ್ಮು ಒಣಗುವುದು ನಿಧಾನ. ಕರೆಂಟು ಹೋದರೆ ಫ್ಯಾನೂ ಇಲ್ಲ. ಎರಡು ವಾರ ಸುಮ್ಮನಿದ್ದ ಚಾಚಾ ಒಂದು ದಿನ ನನ್ನ ಐದು ಚೀಟಿ ಕೈಯಲ್ಲಿ ಹಿಡಿದುಕೊಂಡು ಓಪಿಡಿಗೆ ಬಂದರು.

"ಮೇಡಂ, ಚೀಟಿದಾಗ ಬರೇ 'ಕಾಲು' ಅಂತ ಬರ್ದೀರಿ. ಕಾಲು ಅಂದ್ರ ತೊಡಿಯಿಂದ ಬೆರಳಿನ ತನಕಾ ಅದರಿ. ನಾ ಎಲ್ಲಿ ತೆಗೀಲಿ?"

ಬಾಗಿಲಲ್ಲಿ ನಿಂತ ರೋಗಿಗಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಚಾಚಾ ಹೋದ ಮೇಲೆ ಮುಖ ಬಿಸಿಯಾಯಿತು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹರಡಿಗೆ, ಅಂದರೆ ಕಾಲಿನ ಗಿಣ್ಣಿಗೆ, ತೆಗೆಯುವ ಎಕ್ಸ್‌ರೇ ಬೇರೆ, ಪಾದಕ್ಕೆ ತೆಗೆಯುವುದೇ ಬೇರೆ. ನೋವು ಪಾದದ ನಡುವಿದ್ದು ನಾನು ಹರಡಿ ಎಂದು ಬರೆದರೆ, ಮುರಿದ ಎಲುಬು ಫಿಲ್ಮಿನ ಅಂಚಿನಾಚೆ ಉಳಿದುಬಿಡುತ್ತದೆ. ನಾನು ಅವತ್ತು ಆ ಐದು ಕಾಲುಗಳಲ್ಲಿ ಒಂದನ್ನೂ ಕೈಹಚ್ಚಿ ನೋಡಿರಲಿಲ್ಲ.

ಮರುದಿನದಿಂದ ಸ್ಟೂಲು ಎಳೆದುಕೊಂಡು ರೋಗಿಯ ಕಾಲಬಳಿ ಕುಳಿತುಕೊಳ್ಳುವುದು ಕಲಿತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಿಯಮ ಬೆರಳಿಗೆ ಇಳಿದದ್ದು ಆಗಲೇ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳ ಎಲುಬು ಶುರುವಾಗುವ ಗುಬುಟು ಒತ್ತಬೇಕು. ಒಳಬದಿಯಲ್ಲಿ ಹರಡಿಯ ಮುಂದಿನ ಉಬ್ಬು ಒತ್ತಬೇಕು. ಆಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ಒತ್ತಿದಲ್ಲಿ ನೋವಿಲ್ಲ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಬಂತು ಎಂದರೆ ಹೆಚ್ಚಿನ ಮಟ್ಟಿಗೆ ಎಕ್ಸ್‌ರೇ ಬೇಡ. ಮೊದಮೊದಲು ಜನ ಮುನಿಸಿಕೊಂಡರು. ನಾಲ್ಕು ದಿನ ಬಿಟ್ಟು ನೋವು ಇಳಿದಾಗ ತಾವೇ ಬಂದು ಹೇಳಿದರು. ಚಾಚಾ ಅವರ ತಂತಿಯ ಮೇಲೆ ಫಿಲ್ಮುಗಳು ಅರ್ಧಕ್ಕೆ ಇಳಿದವು. ಅವರು ಮಧ್ಯಾಹ್ನದ ಚಹಾಕ್ಕೆ ನನ್ನನ್ನೂ ಕರೆಯತೊಡಗಿದರು.

ಎಲ್ಲರೂ ಒಪ್ಪಿದರು ಎಂದಲ್ಲ. ಒಬ್ಬ ಹೆಡ್‌ಮಾಸ್ತರರು ಹೊರಸು ಮಂಚದ ಕಾಲಿಗೆ ಕಿರುಬೆರಳು ಬಡಿಸಿಕೊಂಡು ಬಂದರು. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿದೆ, ಇಷ್ಟೇ ಸಾಕು ಎಂದೆ. ಅವರಿಗೆ ಸಮಾಧಾನವಾಗದೆ ಹೈದರಾಬಾದಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದರು. ಅಲ್ಲಿಯೂ ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿಯನ್ನೇ ಸುತ್ತಿದ್ದರು. ಅದನ್ನು ನನಗೆ ತೋರಿಸುವಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ, ಇಷ್ಟು ದೊಡ್ಡ ಮಷೀನಿನಲ್ಲಿ ಮಲಗಿ ಬಂದೆನೆಂಬ ಹೆಮ್ಮೆಯಿತ್ತು.

ಇನ್ನೊಬ್ಬ ಹೆಂಗಸು ಕಳೆ ತೆಗೆಯುವಾಗ ಜಾಲಿಮುಳ್ಳು ತುಳಿದು ಬಂದಳು. ಮೇಲೆ ಮುರಿದು ತೆಗೆದಿದ್ದಳು, ಒಳಗೆ ಚೂರು ಉಳಿದ ಅನುಮಾನ. ನಾನು ಎಕ್ಸ್‌ರೇ ಬರೆದೆ. ಚಾಚಾ ಚೀಟಿ ವಾಪಸು ಕಳಿಸಿದರು. ಕಟ್ಟಿಗೆ, ಮುಳ್ಳು ಫೋಟೋದಲ್ಲಿ ಬರುವುದಿಲ್ಲ, ಗಾಜು ಕಬ್ಬಿಣವಾದರೆ ಬರುತ್ತದೆ ಎಂದು ಹೇಳಿ ಕಳಿಸಿದ್ದರು. ಮಂಗಳವಾರಕ್ಕೊಮ್ಮೆ ಬಸುರಿಯರ ಹೊಟ್ಟೆ ನೋಡಲು ಬೀದರಿನಿಂದ ಸೋನೋಗ್ರಫಿ ಡಾಕ್ಟರು ಬರುತ್ತಿದ್ದರು. ಬಸುರಿಯರ ಸಾಲಿನಲ್ಲೇ ಈ ಹೆಂಗಸನ್ನೂ ಕೂರಿಸಿದೆ. ಅಂಗಾಲಿನಲ್ಲಿ ಅಡ್ಡಕ್ಕೆ ಮಲಗಿದ್ದ ಮುಳ್ಳು ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಯಾವ ಕಾಲಿಗೆ ಯಾವ ಮಷೀನು ಎಂಬುದು ನನಗೆ ಚೆನ್ನಾಗಿಯೇ ತಿಳಿದುಹೋಯಿತು ಎಂದು ಆಗ ಅನ್ನಿಸಿತ್ತು.

ಕಲಾವತಿ ಬಂದದ್ದು ಶ್ರಾವಣದಲ್ಲಿ. ಬೀದರ್-ಔರಾದ ಬಸ್ಸಿನ ಕಂಡಕ್ಟರ್, ಸಂತಪುರದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಶನಿವಾರ ಸೋಮವಾರದ ಪ್ರಯಾಣದಲ್ಲಿ ಪರಿಚಯ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ ಅವಳನ್ನು ಕಚೇರಿಯಲ್ಲಿ ಕೂರಿಸಿದ್ದರಂತೆ. ಹೆಣ್ಣುಮಕ್ಕಳಿಗೆ ಕುಂತ ಕೆಲಸವೇ ಚಲೋ ಎಂದು ಎಲ್ಲರೂ ಹೇಳಿದ್ದರಂತೆ. ಮತ್ತೆ ಮತ್ತೆ ಅರ್ಜಿ ಕೊಟ್ಟು ರಸ್ತೆಗೆ ಬಂದವಳು. ಒಳಗೆ ಕುಳಿತರೆ ತನಗೆ ಉಸಿರು ಕಟ್ಟುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದಳು. ತುಂಬಿದ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಂತು ಟಿಕೆಟ್ ಕೊಡುವ ಅವಳನ್ನು ನೋಡುವುದೇ ಒಂದು ಚೆಂದ.

ಅವತ್ತು ಬೆಳಿಗ್ಗೆ ಸಂತಪುರದಲ್ಲಿ ಜೋರು ಮಳೆ. ಗಂಟು ಹೊತ್ತ ಮುದುಕಿಯೊಬ್ಬಳನ್ನು ಇಳಿಸಲು ಕಲಾವತಿ ಮೆಟ್ಟಿಲಿನಿಂದ ಹಿಂದಕ್ಕೆ ಕಾಲಿಟ್ಟಳು. ನೀರು ತುಂಬಿದ ಗುಂಡಿಗೆ ಬಲಗಾಲಿನ ಬೆರಳು ಸಿಕ್ಕಿ, ಹಿಮ್ಮಡ ಮೇಲೆದ್ದು, ಇಡೀ ಮೈಭಾರ ಮಡಚಿದ ಪಾದದ ಮೇಲೆ ಬಿತ್ತು. ಆಮೇಲೂ ಅವಳು ಔರಾದಿನ ತನಕ ಒಂಟಿಕಾಲಲ್ಲಿ ಟಿಕೆಟ್ ಕೊಟ್ಟು, ಡ್ಯೂಟಿ ಒಪ್ಪಿಸಿ, ಆಟೋ ಹಿಡಿದು ಬಂದಿದ್ದಳು.

ಪಾದ ಊದಿ ಬೂಟು ತೆಗೆಯುವುದೇ ಕಷ್ಟವಾಯಿತು. ನಡುಪಾದವೆಲ್ಲ ನೋವು. ಒಂದು ಹೆಜ್ಜೆಯೂ ಬರಲಿಲ್ಲ. ನಿಯಮದ ಪ್ರಕಾರ ಎಕ್ಸ್‌ರೇ ಬೇಕೇ ಬೇಕು, ಪಾದ ಎಂದು ಸರಿಯಾಗಿಯೇ ಬರೆದೆ. ಚಾಚಾ ಅವಳನ್ನು ಮೇಜಿನ ಮೇಲೆ ಮಲಗಿಸಿ ಮೂರು ಕಡೆಯಿಂದ ತೆಗೆದರು. ಫಿಲ್ಮನ್ನು ಬೆಳಕಿಗೆ ಹಿಡಿದು ಒಂದೊಂದೇ ಎಲುಬು ನೋಡಿದೆ. ಎಲ್ಲೂ ಬಿರುಕಿಲ್ಲ. ಉಬ್ಬು ಬಹಳ ಇದೆಯಲ್ಲ ಎಂದು ಚಾಚಾ ಮೆಲ್ಲಗೆ ಅಂದರು. ಉಳುಕಿದರೂ ಉಬ್ಬುತ್ತದೆ ಎಂದೆ. ಕಲಾವತಿಗೆ ಸಂತೋಷದಿಂದಲೇ ಹೇಳಿದೆ, ಎಲುಬಿಗೆ ಏನೂ ಆಗಿಲ್ಲ, ಉಳುಕು ಅಷ್ಟೇ, ಒಂದು ವಾರ ವಿಶ್ರಾಂತಿ ತಗೊಳ್ಳಿ ಎಂದು. ಅವಳು ಕೇಳಿದ್ದು ಒಂದೇ ಮಾತು, ಮುಂದಿನ ವಾರ ಡ್ಯೂಟಿಗೆ ಹೋಗಬಹುದಾ ಅಂತ. ಧಾರಾಳವಾಗಿ ಎಂದೆ.

ಎಂಟನೆಯ ದಿನ ಅವಳು ಅತ್ತೆಯನ್ನು ಕರೆದುಕೊಂಡು ಫಿಟ್‌ನೆಸ್ ಸರ್ಟಿಫಿಕೇಟಿಗೆ ಬಂದಳು. ಅತ್ತೆ ಗಟ್ಟಿ ಹೆಂಗಸು. ದಿನಾ ಎರಡು ಹೊತ್ತು ಎಣ್ಣೆ ಹಚ್ಚಿ ತಿಕ್ಕಿದ್ದೇನೆ, ಉಬ್ಬು ಇಳಿದಿದೆ, ಇನ್ನು ಸಹಿ ಮಾಡಿ ಕೊಡ್ರಿ ಎಂದಳು. ನಾನು ಕಾಗದ ತೆಗೆದು ಹೆಸರು ಬರೆದೆ, ವಯಸ್ಸು ಬರೆದೆ. ಅಷ್ಟರಲ್ಲಿ ಗಾಳಿಗೆ ಬಾಗಿಲು ಬಡಿದುಕೊಂಡಿತು. ಮುಚ್ಚಲೆಂದು ಕಲಾವತಿಯೇ ಎದ್ದಳು. ನಾಲ್ಕು ಹೆಜ್ಜೆ ಹೋಗಿ ನಾಲ್ಕು ಹೆಜ್ಜೆ ಬಂದಳು. ಪಾದದ ನಡುವಿನಿಂದ ಮುಂದಕ್ಕೆ ಅವಳು ಭಾರವನ್ನೇ ಬಿಡುತ್ತಿರಲಿಲ್ಲ. ಹಿಮ್ಮಡ ಮತ್ತು ಹೊರ ಅಂಚಿನ ಮೇಲೆಯೇ ಎಲ್ಲ ನಡಿಗೆ.

ಪೆನ್ನು ಕೆಳಗಿಟ್ಟು ಸ್ಟೂಲಿಗೆ ಬಂದೆ. ಚಪ್ಪಲಿ ಬಿಚ್ಚಿಸಿ ಕಾಲೆತ್ತಿ ನೋಡಿದರೆ ಅಂಗಾಲಿನ ನಡುವೆ ನೀಲಿಗಟ್ಟಿದ ಕಲೆ. ಮೊದಲ ದಿನ ನಾನು ಪಾದದ ಮೇಲ್ಗಡೆ ಒತ್ತಿದ್ದೆ, ತಿರುವಿ ನೋಡಿರಲಿಲ್ಲ. ಗೋಡೆ ಹಿಡಿದು ಬಲಗಾಲಿನ ಬೆರಳ ಮೇಲೆ ನಿಂದ್ರಲಾಕ ಆಗ್ತದೇನು ನೋಡ್ರಿ ಅಕ್ಕಾ ಎಂದೆ. ಅವಳು ಪ್ರಯತ್ನಿಸಿದಳು. ಹಿಮ್ಮಡ ನೆಲ ಬಿಡಲಿಲ್ಲ.

ಪಾದದ ನಡುವೆ ಐದು ಉದ್ದ ಎಲುಬುಗಳನ್ನು ಹಿಂದಿನ ಸಣ್ಣ ಎಲುಬುಗಳಿಗೆ ಕಟ್ಟಿ ಹಿಡಿಯುವ ನಾರುಗಳಿವೆ. ಅದರಲ್ಲಿ ಮುಖ್ಯವಾದದ್ದು ಹರಿದರೆ ಪಾದದ ಕಮಾನೇ ಸಡಿಲ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎಲುಬುಗಳು ತಮ್ಮ ತಮ್ಮ ಜಾಗದಲ್ಲೇ ಕುಳಿತಿರಬಹುದು. ಮೈಭಾರ ಬಿದ್ದಾಗ ಬೇರೆಯಾಗುತ್ತವೆ. ಮತ್ತೊಂದು ಫೋಟೋ ಯಾಕೆ ಎಂದು ಅತ್ತೆ ಕೇಳಿದಾಗ ನನಗೆ ಹೊಳೆದದ್ದು ಮನೆಯ ಹೊರಸು. ಒಳಗೆ ನುಲಿ ಹರಿದಿದ್ದರೂ ಖಾಲಿ ಹೊರಸು ನೆಟ್ಟಗೇ ಕಾಣುತ್ತದೆ, ಕುಂತಾಗಲೇ ಎಲ್ಲಿ ಹರಿದಿದೆ ಅಂತ ತಿಳಿಯುವುದು ಎಂದೆ. ಅತ್ತೆಗೆ ಕೂಡಲೇ ಅರ್ಥವಾಯಿತು.

ನಿಲ್ಲಿಸಿ ತೆಗೆಯುವುದು ನಮ್ಮ ಹಳೇ ಮಷೀನಿನಲ್ಲಿ ಸಲೀಸಾಗಿರಲಿಲ್ಲ. ಚಾಚಾ ಒಂದು ಮಾತೂ ಕೇಳದೆ ಕೋಟಿನ ತೋಳು ಮಡಚಿದರು. ಫಿಲ್ಮಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಮೇಲೆ ತೆಳು ಹಲಗೆ ಹಾಕಿ, ಮಷೀನಿನ ತಲೆಯನ್ನು ಆಗುವಷ್ಟು ಬಗ್ಗಿಸಿದರು. ಎರಡೂ ಪಾದ ಒಂದೇ ಫಿಲ್ಮಿನಲ್ಲಿ ಬರಬೇಕು, ಹೋಲಿಸಿ ನೋಡಲಿಕ್ಕೆ. ಕಲಾವತಿ ನನ್ನ ಭುಜ ಹಿಡಿದು ಹಲಗೆ ಹತ್ತಿದಳು. ಸೀಸದ ಏಪ್ರನ್ನು ಹಾಕಿಕೊಂಡು ನಾನು ಪಕ್ಕದಲ್ಲೇ ಉಳಿದೆ. ಎರಡೂ ಕಾಲಿನ ಮೇಲೆ ಸಮ ಭಾರ ಬಿಡಬೇಕು, ಒಂದೇ ಉಸಿರಿನ ಹೊತ್ತು, ಎಂದು ಚಾಚಾ ಮಗುವಿಗೆ ಹೇಳುವಂತೆ ಹೇಳಿದರು. ಅವಳ ಉಗುರು ನನ್ನ ಭುಜಕ್ಕೆ ನಾಟಿತು, ಆದರೆ ಅವಳು ಅಲುಗಲಿಲ್ಲ.

ಫಿಲ್ಮು ಒಣಗುವ ತನಕ ಚಾಚಾ ಕಾಯಲಿಲ್ಲ. ಕತ್ತಲೆ ಕೋಣೆಯಿಂದ ನೀರು ಸೋರುತ್ತಿದ್ದ ಹಾಗೇ ತಂದು ಬೆಳಕಿಗೆ ಹಿಡಿದರು. ಎಡಪಾದದಲ್ಲಿ ಹೆಬ್ಬೆರಳ ಎಲುಬೂ ಅದರ ಪಕ್ಕದ್ದೂ ಬುಡದಲ್ಲಿ ಒತ್ತಾಗಿ ಕುಳಿತಿದ್ದವು. ಬಲಪಾದದಲ್ಲಿ ಅವೆರಡರ ನಡುವೆ ಒಂದು ಜೋಳದ ಕಾಳು ಹಿಡಿಸುವಷ್ಟು ಸಂದು. ತೋರಿಸಬೇಕಾದ ಅಗತ್ಯವೇ ಇರಲಿಲ್ಲ. ಅತ್ತೆಯೇ ಬೆರಳಿಟ್ಟು, ಇಲ್ಲೇನರಿ ಎಂದಳು.

ನನಗೆ ಆಗ ಇಪ್ಪತ್ತೈದು. ಉಳುಕು ಜಾಸ್ತಿಯಾಗಿದೆ, ತಿಕ್ಕಿದ್ದಕ್ಕೆ ಹೀಗಾಗಿದೆ ಎಂದು ಅತ್ತೆಯ ಮೇಲೆ ಹಾಕಿಬಿಡಬಹುದಿತ್ತು. ಆ ಮಾತು ಬಾಯಿತನಕ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕಲಾವತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಪ್ಪು ನಂದದ ಅಕ್ಕಾ," ಎಂದೆ. "ಅವತ್ತಿನ ಫೋಟೋ ನಂಬಿ ಉಳುಕು ಅಂದೆ. ಒಳಗ ನಾರು ಹರದದ. ಹಿಂಗೇ ಡ್ಯೂಟಿ ಮಾಡಿದ್ರ ಪಾದ ಕುಸೀತದ, ನೋವು ಜನ್ಮಕ್ಕ ಉಳೀತದ."

ಅವಳು ಫಿಲ್ಮಿನ ಆ ಸಂದನ್ನು ಇನ್ನೊಮ್ಮೆ ನೋಡಿದಳು. ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಆಮೇಲೆ ಕೇಳಿದಳು, "ಅವತ್ತೇ ನಿಂದ್ರಿಸಿ ತೆಗದಿದ್ರ ಕಾಣ್ತಿತ್ತೇನ್ರಿ?"

ಸುಳ್ಳು ಹೇಳುವ ಹಾಗಿರಲಿಲ್ಲ. "ಅವತ್ತು ನಿಮಗ ನಿಂದ್ರಲಾಕ ಆಗ್ತಿರಲಿಲ್ಲ. ಆದ್ರ ನನಗ ಪೂರಾ ಗೊತ್ತಾಗಿಲ್ಲ ಅಂತ ಹೇಳಬೇಕಿತ್ತು. ಕಾಲು ಊರಬ್ಯಾಡ್ರಿ, ನಾಕು ದಿನ ಬಿಟ್ಟು ಬರ್ರಿ, ಮತ್ತ ನೋಡಮು ಅನ್ನಬೇಕಿತ್ತು. ಅದು ಹೇಳಲಿಲ್ಲ."

ಅವಳು ತಲೆಯಾಡಿಸಿದಳು. ಸಿಟ್ಟಾದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅರ್ಧ ಬರೆದ ಸರ್ಟಿಫಿಕೇಟನ್ನು ತಾನೇ ಎತ್ತಿ, ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. ಆಪರೇಷನ್ ಮಾಡಿಸಿದರೆ ಮತ್ತೆ ಬಸ್ಸಿನಲ್ಲಿ ನಿಲ್ಲುವುದಾಗುತ್ತದೆಯೇ ಎಂದು ಮಾತ್ರ ಕೇಳಿದಳು. ಈಗ ಹೋದರೆ ಆಗುವ ಸಂಭವ ಬಹಳ ಇದೆ, ತಡಮಾಡಿದರೆ ಕಡಿಮೆ ಎಂದೆ. ಬೀದರಿನ ಎಲುಬಿನ ಡಾಕ್ಟರಿಗೆ ಫೋನು ಹಚ್ಚಿದೆ. ಸಿಟಿ ಸ್ಕ್ಯಾನ್ ಮಾಡಿಸಿಕೊಂಡೇ ಬರಲಿ ಎಂದರು ಅವರು. ಹೆಡ್‌ಮಾಸ್ತರರು ಮಲಗಿದ ದೊಡ್ಡ ಮಷೀನಿನಲ್ಲಿ ಯಾಕೆ ಬೇಡ ಎಂದು ಅತ್ತೆ ಕೇಳಿದಳು. ಹೆಡ್‌ಮಾಸ್ತರರ ಕಥೆ ಊರೆಲ್ಲ ಹಬ್ಬಿತ್ತು. ನಾರು ಹರಿದದ್ದು ನಿಲ್ಲಿಸಿ ತೆಗೆದ ಫೋಟೋದಲ್ಲೇ ತಿಳಿಯಿತು, ಈಗ ಕೊಯ್ಯುವ ಮೊದಲು ಎಲುಬಿನ ಚೂರು ಎಲ್ಲಾದರೂ ಕಿತ್ತಿದೆಯೇ ಎಂದು ನೋಡಬೇಕು, ಅದಕ್ಕೆ ಸಿಟಿಯೇ ಸರಿ ಎಂದು ಹೇಳಿದೆ. ಅಲ್ಲಿಯ ತನಕ ಎಣ್ಣೆ ತಿಕ್ಕುವುದು ಬೇಡ, ಕಾಲು ನೆಲಕ್ಕೆ ಊರುವುದೇ ಬೇಡ ಎಂದೂ ಹೇಳಿ, ಗಟ್ಟಿ ಪಟ್ಟಿ ಕಟ್ಟಿ ಕಳಿಸಿದೆ.

ಅವರು ಹೋದ ಮೇಲೆ ಚಾಚಾ ಚಹಾ ತಂದು ನನ್ನ ಮುಂದಿಟ್ಟರು. ಯಾವತ್ತೂ ಅವರು ತಂದವರಲ್ಲ.

"ಮೊದಲನೇ ಫಿಲ್ಮ್ ನಾನೂ ನೋಡಿದ್ದೆ ಮೇಡಂ," ಎಂದರು. "ನನಗೂ ಕಾಣಲಿಲ್ಲ." ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು.

ಮರುದಿನ ಶನಿವಾರ. ಕಲಾವತಿಯ ಜೊತೆ ನಾನೂ ಬೀದರಿಗೆ ಹೊರಟೆ. ಅವಳದೇ ಬಸ್ಸು. ಅವಳ ಬದಲಿಗೆ ಹೊಸ ಹುಡುಗ ಕಂಡಕ್ಟರ್. ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲನ್ನು ಅತ್ತೆಯ ಚೀಲದ ಮೇಲಿಟ್ಟೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಎರಡೂ ಕಡೆ ಹೆಸರು ಕಾಯಿ ಕಟ್ಟಿತ್ತು. ಕೆಂಪು ಕಲ್ಲಿನ ನೆಲ ಬಂದಲ್ಲೆಲ್ಲ ನೀರು ಹೊಂಡಗಳಲ್ಲಿ ನಿಂತು ಹೊಳೆಯುತ್ತಿತ್ತು. ಕಲಾವತಿ ಹೊರಗೆ ನೋಡಲಿಲ್ಲ. ಹಿಂದಿನಿಂದ ಇಬ್ಬರು ಟಿಕೆಟ್ ಇಲ್ಲದೆ ಹತ್ತಿದ್ದಾರೆಂದು ಹುಡುಗನಿಗೆ ಹೇಳಿದಳು, ಅಳುವ ಮಗುವಿನ ತಾಯಿಗೆ ಕಿಟಕಿಯ ಸೀಟು ಕೊಡಿಸಿದಳು. ಮೂರನೆಯ ಸ್ಟಾಪಿನ ಹೊತ್ತಿಗೆ ಆ ಹುಡುಗ ಅವಳನ್ನು ಕೇಳಿಯೇ ಸೀಟಿ ಊದತೊಡಗಿದ. ನಾನು ಒಂದು ದಿನದ ಹಿಂದೆ ಕುಸಿದಿದ್ದವಳು, ಆ ದಾರಿಯಲ್ಲಿ ಮೊದಲ ಸಲ ನಕ್ಕೆ.

ಸ್ಕ್ಯಾನಿನಲ್ಲಿ ಎರಡನೆಯ ಎಲುಬಿನ ಬುಡದಿಂದ ಅಕ್ಕಿನುಚ್ಚಿನಷ್ಟು ಚೂರು ಕಿತ್ತು ಬಂದದ್ದು ಕಂಡಿತು. ನಾರು ಹರಿಯುವಾಗ ಎಲುಬಿನ ಚಕ್ಕೆಯನ್ನೂ ಎಳೆದುಕೊಂಡಿತ್ತು. ಎಲುಬಿನ ಡಾಕ್ಟರು ಚಿತ್ರ ನೋಡಿ, ಕಾಲು ನೋಡಿ, ಹೊತ್ತು ಮೀರಿಲ್ಲ ಎಂದರು. ನಾಲ್ಕು ದಿನ ಬಿಟ್ಟು ಆಪರೇಷನ್ ಆಯಿತು, ಎರಡು ಸ್ಕ್ರೂ ಹಾಕಿದರು.

ಎರಡು ತಿಂಗಳು ಅವಳು ಬಲಗಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಶನಿವಾರ ಊರಿಗೆ ಹೋಗುವಾಗ ನಾನು ಸಂತಪುರದಲ್ಲಿಳಿದು ಅವಳ ಮನೆಗೆ ಹೋಗಿ ಮುಂದಿನ ಬಸ್ಸು ಹಿಡಿಯುವುದು ರೂಢಿಯಾಯಿತು. ಅತ್ತೆ ನನ್ನನ್ನು ರೊಟ್ಟಿ ತಿನ್ನಿಸದೆ ಬಿಡುತ್ತಿರಲಿಲ್ಲ. ಹೊಸ ಹೆಸರುಬೇಳೆಯ ಪಲ್ಯ, ಹಸಿಮೆಣಸಿನಕಾಯಿ ಹಿಂಡಿ, ಮೇಲೆ ಮೊಸರು. ಕಲಾವತಿ ಹೊಸ್ತಿಲ ಹತ್ತಿರ ಹೊರಸು ಹಾಕಿಸಿಕೊಂಡು, ರಸ್ತೆಯ ಸಪ್ಪಳ ಕೇಳಿಯೇ ಯಾವ ಬಸ್ಸು ಎಷ್ಟು ತಡ ಎಂದು ಹೇಳುತ್ತಿದ್ದಳು. ಅಷ್ಟು ದಿನ ಕಳೆದರೂ ನನ್ನ ತಪ್ಪಿನ ಮಾತನ್ನು ಅವಳು ಎತ್ತಲಿಲ್ಲ. ನಾನೇ ಒಮ್ಮೆ ಎತ್ತಿದಾಗ, ನೀವು ಆ ಕಾಗದಕ್ಕೆ ಸಹಿ ಮಾಡಲಿಲ್ಲವಲ್ಲ ಎಂದು ಹೇಳಿ ಅತ್ತೆಗೆ ಇನ್ನೊಂದು ರೊಟ್ಟಿ ಹಾಕಲು ಕೂಗಿದಳು.

ಆಸ್ಪತ್ರೆಯಲ್ಲಿ ನನ್ನ ಮಾತು ಬದಲಾಯಿತು. ಶುಭ್ರವಾದ ಫಿಲ್ಮು ಕೈಗೆ ಬಂದಾಗ ಏನೂ ಆಗಿಲ್ಲ ಎನ್ನುವುದನ್ನು ಬಿಟ್ಟೆ. ಈ ಫೋಟೋದಲ್ಲಿ ಕಂಡಿಲ್ಲ, ಇಂಥ ದಿನ ಮತ್ತೆ ಬನ್ನಿ ಎನ್ನತೊಡಗಿದೆ. ಬಂದವರಲ್ಲಿ ಹೆಚ್ಚಿನವರ ಕಾಲು ಸರಿಯಾಗಿಯೇ ಇರುತ್ತಿತ್ತು. ಈ ಮೇಡಂ ಸುಮ್ಮಸುಮ್ಮನೆ ಓಡಾಡಿಸುತ್ತಾರೆ ಎಂದು ಕೆಲವರು ಗೊಣಗಿದರು. ಗೊಣಗಲಿ ಎಂದು ಚಾಚಾ ನಕ್ಕರು.

ಸಂಕ್ರಾಂತಿ ಮುಗಿದ ಮೇಲೆ ಕಲಾವತಿಗೆ ನಾನೇ ಫಿಟ್‌ನೆಸ್ ಸರ್ಟಿಫಿಕೇಟು ಬರೆದುಕೊಟ್ಟೆ, ಬೀದರಿನ ಡಾಕ್ಟರ ಒಪ್ಪಿಗೆ ಕೇಳಿ, ಅವಳನ್ನು ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಮೆಟ್ಟಿಲು ಹತ್ತಿಸಿ ಇಳಿಸಿದ ಮೇಲೆ. ಇಷ್ಟು ರಜೆ ಹಾಕಿದವಳನ್ನು ಮತ್ತೆ ಕಚೇರಿಯಲ್ಲೇ ಕೂರಿಸುತ್ತಾರೆ ಎಂಬ ಅಂಜಿಕೆ ಅವಳಿಗಿತ್ತು. ಹಾಗಾಗಲಿಲ್ಲ. ಬಹುಶಃ ಬದಲಿ ಹುಡುಗನಿಗೆ ಆ ದಾರಿ ಸಾಕಾಗಿತ್ತು.

ಮುಂದಿನ ಶನಿವಾರ ಔರಾದ ಸ್ಟ್ಯಾಂಡಿನಲ್ಲಿ ಬಸ್ಸು ಏರಿದೆ. ಸಂತೆಯ ಜನ, ಕಾಲಿಡಲು ಜಾಗವಿಲ್ಲ. ಹೊರಗೆ ತಂಪು ಗಾಳಿ, ಹೊಲದಲ್ಲಿ ಜೋಳ ತೆನೆ ಬಿಟ್ಟಿತ್ತು. ಬಸ್ಸಿನ ಆ ತುದಿಯಿಂದ ಕಲಾವತಿ ಬರುತ್ತಿದ್ದಳು, ಕೈಯಲ್ಲಿ ಟಿಕೆಟ್ ಮಷೀನು, ಎರಡೂ ಕಾಲು ಅಗಲಿಸಿ ಊರಿಕೊಂಡು, ಯಾವ ಕಂಬಿಯನ್ನೂ ಹಿಡಿಯದೆ. ಬಸ್ಸು ತಿರುವಿನಲ್ಲಿ ವಾಲಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು, ಅವಳು ಬೀಳಲಿಲ್ಲ. ನಾನು ಅವಳ ಪಾದಗಳನ್ನೇ ನೋಡುತ್ತಾ ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಹತ್ತಿರ ಬಂದು ನನಗೂ ಬೀದರಿನ ಟಿಕೆಟ್ ಹರಿದು ಕೊಟ್ಟಳು.

"ಬಾಗಿಲದಾಗ ನಿಂದ್ರಬ್ಯಾಡ್ರಿ ಮೇಡಂ," ಎಂದಳು. "ಒಳಗ ಸರೀರಿ, ಮಂದಿ ಇನ್ನಾ ಹತ್ತೋರಿದ್ದಾರ."

ನಾನು ಒಳಗೆ ಸರಿದೆ.